ಗೆಜ್ಜೆ ಬಿಚ್ಚಿ ಇಪ್ಪತ್ತೈದು ವರ್ಷದ ಮೇಲೆ

(ಮಳೆಗಾಲದ ಒಂದು ಭಾನುವಾರ, ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆಯ ಒಂದು ಗ್ರಂಥಾಲಯದಲ್ಲಿ ಆಡಿದ ಮಾತು. ಮನೆಗೆ ಬಂದು ಕೂತು ಬರೆದದ್ದು. ಹಂಚಿನ ಮೇಲೆ ಮಳೆ ಜೋರಾಗಿ ಹೊಡೆದಾಗ ಯಾರಿಗೂ ಕೇಳಿಸದೆ ಹೋದ ಮಾತುಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ನಾನು ಸಾಹಿತಿ ಅಲ್ಲ, ಮಾಷ್ಟ್ರೂ ಅಲ್ಲ. ಉಪ್ಪಳದಲ್ಲಿ ಮೂವತ್ತೈದು ವರ್ಷ ರೇಡಿಯೋ, ಟೀವಿ ರಿಪೇರಿ ಮಾಡಿದವನು. ಟೀವಿಯ ಹಿಂಬದಿ ನೋಡಿದಷ್ಟು ಎದುರುಬದಿ ನೋಡಿದವನಲ್ಲ. ಗ್ರಂಥಾಲಯದವರು "ಟೀವಿ ಬಗ್ಗೆ ಏನಾದರೂ ಮಾತಾಡಿ" ಎಂದು ಫೋನ್ ಮಾಡಿದಾಗ, ಹೊಸ ಟೀವಿ ಯಾವುದು ತೆಗೆದುಕೊಳ್ಳುವುದು ಒಳ್ಳೆಯದು ಎಂದು ಕೇಳಲಿಕ್ಕೆ ಕರೆಯುತ್ತಿದ್ದಾರೆ ಅಂದುಕೊಂಡೆ. ವಿಷಯ ನೀವೇ ಆರಿಸಿಕೊಳ್ಳಿ ಎಂದರು. ಹಾಗಾಗಿ ಎರಡು ಮೂರು ವರ್ಷದಿಂದ ತಲೆಯಲ್ಲಿ ಕೊರೆಯುತ್ತಿದ್ದದ್ದನ್ನೇ ತಂದಿದ್ದೇನೆ.

2022ರಲ್ಲಿ ಬೆಂಗಳೂರಿನಿಂದ ನನ್ನ ಮಗಳು ಫೋನ್ ಮಾಡಿದಳು. "ಅಪ್ಪ, ಮಾಯಾಮೃಗ ಮತ್ತೆ ಬರ್ತಾ ಉಂಟು" ಎಂದಳು. ತೊಂಬತ್ತರ ದಶಕದಲ್ಲಿ ಬರುತ್ತಿದ್ದ ಕನ್ನಡ ಧಾರಾವಾಹಿ ಅದು. ಹಳೆಯದನ್ನೇ ಹಾಕುತ್ತಾರಾ ಎಂದೆ. ಅಲ್ಲ, ಮುಂದಿನ ಕಥೆಯಂತೆ, ಅದೇ ಜನ, ಅವರ ಮಕ್ಕಳ ಕಾಲ ಎಂದಳು. ನಾನು ಸುಮ್ಮನಾದೆ. ಮೊದಲು ಖುಷಿ ಆಯಿತು. ಅದರ ಬೆನ್ನಿಗೇ ಸ್ವಲ್ಪ ಹೆದರಿಕೆಯೂ ಆಯಿತು. ಶಾಲೆಯಲ್ಲಿ ಜೊತೆಗಿದ್ದವನು ನಲವತ್ತು ವರ್ಷದ ಮೇಲೆ ಮನೆಗೆ ಬರುತ್ತೇನೆ ಎಂದರೆ ಆಗುತ್ತದಲ್ವಾ, ಹಾಗೆ. ಬರಲಿ ಅಂತಲೂ ಅನ್ನಿಸುತ್ತದೆ. ಬಂದರೆ ಏನು ಮಾತಾಡುವುದು ಅಂತಲೂ ಅನ್ನಿಸುತ್ತದೆ.

ಮುಗಿದುಹೋದ ಧಾರಾವಾಹಿ ವರ್ಷಗಳ ಮೇಲೆ ಮತ್ತೆ ಬಂದರೆ ನಿಜವಾಗಿ ಏನು ಮತ್ತೆ ಬರುತ್ತದೆ? ಇವತ್ತು ಇಷ್ಟೇ ವಿಷಯ.

ಇದಕ್ಕೆ ನಾನು 1987ರ ಹೊತ್ತಿಗೆ ಹೋಗಬೇಕು. ಆಗ ನಮ್ಮ ಕಡೆ ಟೀವಿ ಅಂದರೆ ಆಂಟೆನಾ. ಹತ್ತಿಪ್ಪತ್ತು ಅಡಿ ಪೈಪು, ಅದರ ತುದಿಯಲ್ಲಿ ಮೀನಿನ ಮುಳ್ಳಿನ ಹಾಗೆ ಅಲ್ಯೂಮಿನಿಯಂ ಸರಳು, ಕೆಳಗೆ ಒಂದು ಬೂಸ್ಟರ್. ಉತ್ತರಕ್ಕೆ ತಿರುಗಿಸಿದರೆ ಮಂಗಳೂರು, ದಕ್ಷಿಣಕ್ಕೆ ತಿರುಗಿಸಿದರೆ ಮಲಯಾಳ. ಈ ಗುಡ್ಡಗಳ ಎಡೆಯಲ್ಲಿ ಎರಡೂ ಸರಿಯಾಗಿ ಸಿಗುತ್ತಿರಲಿಲ್ಲ ಅನ್ನಿ. ನಾನು ಹಂಚಿನ ಮಾಡು ಹತ್ತಿ ಪೈಪು ತಿರುಗಿಸುವುದು, ಕೆಳಗಿನಿಂದ ಮಕ್ಕಳು "ಬಂತು, ಬಂತು, ಹೋಯ್ತು" ಎಂದು ಕೂಗುವುದು. 1956ರಲ್ಲಿ ನಾವು ಯಾವ ರಾಜ್ಯಕ್ಕೆ ಸೇರಬೇಕು ಎಂದು ದೊಡ್ಡವರು ತೀರ್ಮಾನ ಮಾಡಿದರು. ಟೀವಿ ಬಂದ ಮೇಲೆ ಆ ತೀರ್ಮಾನವನ್ನು ಮನೆಮನೆಯಲ್ಲಿ ನಾನು ಮಾಡುತ್ತಿದ್ದೆ, ಪೈಪು ತಿರುಗಿಸಿ. ಸುಮ್ನೆ ತಮಾಷೆಗೆ ಹೇಳಿದೆ, ಬೇಜಾರು ಮಾಡಬೇಡಿ.

ಆಗ ಬರುತ್ತಿತ್ತು ಮಾಲ್ಗುಡಿ ಡೇಸ್. ಆರ್.ಕೆ. ನಾರಾಯಣರ ಕಥೆಗಳು. ಶಂಕರ್ ನಾಗ್ ನಿರ್ದೇಶನ, ಟಿ.ಎಸ್. ನರಸಿಂಹನ್ ನಿರ್ಮಾಣ. ಸುರುವಿಗೆ ಆರ್.ಕೆ. ಲಕ್ಷ್ಮಣರ ಚಿತ್ರಗಳು ಒಂದೊಂದಾಗಿ ಬರುತ್ತಿದ್ದವು, ಜೊತೆಗೆ ಎಲ್. ವೈದ್ಯನಾಥನ್ ಅವರ ಆ ರಾಗ. ನಾನಿಲ್ಲಿ ಹಾಡುವುದಿಲ್ಲ. ನಿಮ್ಮ ತಲೆಯಲ್ಲಿ ಈಗಲೇ ಶುರುವಾಗಿರಬೇಕು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡರು, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಊರು ಆಗುಂಬೆ. ಅಲ್ಲಿಯ ರಸ್ತೆಯನ್ನೇ ಮಾಲ್ಗುಡಿ ಮಾಡಿದ್ದರು. ಜಾನ್ ದೇವರಾಜ್ ಎಂಬ ಕಲಾವಿದರು ಅಲ್ಲಿ ಬ್ರಿಟಿಷ್ ದೊರೆಯ ಮೂರ್ತಿಯನ್ನೂ ನಿಲ್ಲಿಸಿದ್ದರು. ರೈಲ್ವೇ ಸ್ಟೇಷನ್ ಶಿವಮೊಗ್ಗ ಜಿಲ್ಲೆಯ ಅರಸಾಳಿನದು.

ಇದರಲ್ಲಿ ಒಂದು ವಿಚಿತ್ರ ಉಂಟು. ನಾರಾಯಣರು ಮದ್ರಾಸಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಬದುಕಿದವರು. ಬರೆದದ್ದು ಇಂಗ್ಲಿಷಿನಲ್ಲಿ. ಧಾರಾವಾಹಿ ಮಾಡಿದವರು ಹೆಚ್ಚಿನವರು ಕನ್ನಡದವರು. ಮಾಡಿದ್ದು ಮಲೆನಾಡಿನಲ್ಲಿ. ಮಾತಾಡಿದ್ದು ಹಿಂದಿ. ಬೇರೆಯವರಿಗೆ ಇದು ಗೊಂದಲ ಅನ್ನಿಸಬಹುದು. ನಮಗೆ ಏನೂ ಅನ್ನಿಸಲಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ ಭಾಷೆ ಎಂದು ಬದುಕುವವರಿಗೆ ಇನ್ನೊಂದು ಭಾಷೆ ಎಂತ ಭಾರ? ನಮ್ಮ ಬೀದಿಯಲ್ಲಿ ಒಂದೇ ಮನೆಯಲ್ಲಿ ಕೆಲ್ಟ್ರಾನ್ ಟೀವಿ ಇತ್ತು. ಜಗಲಿ ತುಂಬ ಜನ. ಮುಂದಿನ ಸಾಲಿನಲ್ಲಿ ಶಾಲೆಯ ಹಿಂದಿ ಪಂಡಿತರನ್ನು ಕೂರಿಸುತ್ತಿದ್ದರು. ಅವರು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಅವರಿಗೆ ಗೊತ್ತಾಗದೆ ಇದ್ದದ್ದನ್ನು ಸ್ವಂತದಿಂದ ಸೇರಿಸುತ್ತಿದ್ದರು. ಆಮೇಲೆ ಎಷ್ಟೋ ವರ್ಷ ಕಳೆದು ನಾನು ಅದೇ ಕಂತುಗಳನ್ನು ಸರಿಯಾಗಿ ನೋಡಿದೆ. ಪಂಡಿತರ ಮಾತೇ ಜಾಸ್ತಿ ಚೆನ್ನಾಗಿತ್ತು.

ಒಟ್ಟು 39 ಕಂತು ಮಾಡಿದ್ದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಕಾರು ಅಪಘಾತದಲ್ಲಿ ಶಂಕರ್ ನಾಗ್ ಹೋದರು. ಮೂವತ್ತೈದು ವರ್ಷ ವಯಸ್ಸು. ಮಾಲ್ಗುಡಿಯ ಆಟ ಮುಗಿದು ಗೆಜ್ಜೆ ಬಿಚ್ಚಿದ್ದು ಹಾಗೆ ಎಂದು ಎಲ್ಲರೂ ಅಂದುಕೊಂಡರು.

ಅಲ್ಲ. 2006ರ ಏಪ್ರಿಲ್‌ನಲ್ಲಿ ದೂರದರ್ಶನದಲ್ಲಿ ಮಾಲ್ಗುಡಿ ಡೇಸ್ ಮತ್ತೆ ಬಂತು. ನಿರ್ಮಾಪಕರು ಅದೇ ನರಸಿಂಹನ್. ನಿರ್ದೇಶನ ಕವಿತಾ ಲಂಕೇಶ್. 15 ಹೊಸ ಕಂತುಗಳು. ಇಲ್ಲಿ ಕೂತವರಲ್ಲಿ ಅದನ್ನು ನೋಡಿದವರು ಕೈ ಎತ್ತಿ.

(ಮೊದಲು ಒಂದೂ ಕೈ ಏಳಲಿಲ್ಲ. ಆಮೇಲೆ ಹಿಂದಿನ ಬೆಂಚಿನಲ್ಲಿ ಒಬ್ಬರು ಎತ್ತಿದರು. ಕೇಳಿದರೆ ಹಳೆಯದನ್ನು ನೋಡಿದ್ದಂತೆ.)

ನೋಡಿ. ನಾನೂ ಆಗ ನೋಡಿರಲಿಲ್ಲ. ಆಮೇಲೆ ಕೆಲವು ಕಂತು ನೋಡಿದೆ. ಕೆಟ್ಟದಾಗಿ ಏನೂ ಇರಲಿಲ್ಲ. ಮತ್ತೆ ಯಾಕೆ ಯಾರಿಗೂ ಗೊತ್ತಾಗಲಿಲ್ಲ? ಶಂಕರ್ ನಾಗ್ ಇಲ್ಲದ್ದರಿಂದ ಎಂದು ಸುಲಭವಾಗಿ ಹೇಳಬಹುದು. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ನಿಜ ಏನೆಂದರೆ, 2006ರ ಹೊತ್ತಿಗೆ ಇಡೀ ಊರಿನ ಆಂಟೆನಾ ಕಳಚಿ ಹಾಕಿದವನು ನಾನೇ. ಮಾಡಿನಿಂದ ಪೈಪು ಇಳಿಸಿ ಕೇಬಲ್ ಎಳೆದೆ, ಆಮೇಲೆ ಡಿಶ್ ಕೂರಿಸಿದೆ. ಇಳಿಸಿದ ಪೈಪಿಗೆ ಕೆಲವರು ಬಟ್ಟೆ ಒಣಗಿಸುವ ಹಗ್ಗ ಕಟ್ಟಿದರು. ಒಂದು ಚಾನೆಲ್ ಇದ್ದಾಗ ಇಡೀ ಬೀದಿ ಒಂದೇ ಹೊತ್ತಿಗೆ ಒಂದೇ ಜಗಲಿಯಲ್ಲಿ ಕೂರುತ್ತಿತ್ತು. ನೂರು ಚಾನೆಲ್ ಬಂದ ಮೇಲೆ ಒಂದೇ ಮನೆಯಲ್ಲಿ ಅಪ್ಪನಿಗೆ ನ್ಯೂಸು, ಮಗನಿಗೆ ಕ್ರಿಕೆಟು, ಅಮ್ಮನಿಗೆ ಮಲಯಾಳದ ಸೀರಿಯಲ್ಲು. ಮಾಲ್ಗುಡಿ ವಾಪಸು ಬಂತು. ಜಗಲಿ ವಾಪಸು ಬರಲಿಲ್ಲ. ಅದಕ್ಕೆ ನಿರ್ದೇಶಕರು ಎಂತ ಮಾಡಲಿಕ್ಕಾಗುತ್ತದೆ?

ಆದರೆ ಇದೂ ಪೂರ್ತಿ ಉತ್ತರ ಅಲ್ಲ. ಯಾಕೆಂದರೆ ಬೇರೆ ಕಡೆ ಜಗಲಿ ಹೋದ ಮೇಲೂ ಕೆಲವು ಧಾರಾವಾಹಿ ಗೆದ್ದು ವಾಪಸು ಬಂದಿವೆ.

ಮಗಳು ನನಗೆ ಎರಡು ಇಂಗ್ಲಿಷ್ ಧಾರಾವಾಹಿ ತೋರಿಸಿದಳು. ಒಂದು ಇಂಗ್ಲೆಂಡಿನದು, ಡಾಕ್ಟರ್ ಹೂ. ಒಂದು ಅಮೆರಿಕದ್ದು, ಟ್ವಿನ್ ಪೀಕ್ಸ್. ಇವೆರಡನ್ನೂ ನೋಡುವಾಗ ನನಗೆ ನಮ್ಮ ಆಟ ನೆನಪಾಯಿತು. ಆಟ ಅಂದರೆ ಯಕ್ಷಗಾನ. ಬೇರೆ ಕಡೆಯವರು ಓದುವುದಾದರೆ ಎಂದು ಹೇಳಿದೆ.

ನಮ್ಮಲ್ಲಿ ಪತ್ತನಾಜೆಗೆ, ಅಂದರೆ ಮಳೆಗಾಲ ಹಿಡಿಯುವ ಮೊದಲು, ಮೇಳದವರು ಆಟ ನಿಲ್ಲಿಸಿ ಗೆಜ್ಜೆ ಬಿಚ್ಚುತ್ತಾರೆ. ದೀಪಾವಳಿ ಕಳೆದ ಮೇಲೆ ಮತ್ತೆ ಕಟ್ಟುತ್ತಾರೆ. ಅದೇ ವಾಲಿ, ಅದೇ ಸುಗ್ರೀವ. ಕುಂಬಳೆಯ ಪಾರ್ತಿಸುಬ್ಬ ಬರೆದ ಪಂಚವಟಿಯನ್ನು ನಮ್ಮಜ್ಜ ನೋಡಿದ್ದಾರೆ, ಅಪ್ಪ ನೋಡಿದ್ದಾರೆ, ನಾನು ನೋಡಿದ್ದೇನೆ. ಯಾರೂ "ಪಂಚವಟಿ ಮತ್ತೆ ಬಂತು" ಎಂದು ಪೇಪರಿನಲ್ಲಿ ಹಾಕಿಸುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನೋಡಿದ ಹಿರಿಯರು ಇಲ್ಲಿ ಇದ್ದೀರಿ. 2006ರಲ್ಲಿ ಅವರು ತೀರಿಕೊಂಡರು. ವಾಲಿ ತೀರಿಕೊಳ್ಳಲಿಲ್ಲ. ಮರುವರ್ಷ ಇನ್ನೊಬ್ಬರು ವಾಲಿಯ ಅರ್ಥ ಹೇಳಿದರು. "ಶೇಣಿಯವರ ಹಾಗೆ ಆಗಲಿಲ್ಲ" ಎಂದು ನೀವು ಬೈದಿರಬಹುದು. ಬೈದುಕೊಂಡೇ ಬೆಳಗಿನವರೆಗೆ ಕೂತು ನೋಡಿದಿರಿ ಅಲ್ವಾ?

ಇನ್ನೊಂದು ವಿಷಯ. ಪ್ರಸಂಗದ ಪುಸ್ತಕದಲ್ಲಿ ಪದ್ಯ ಮಾತ್ರ ಇರುತ್ತದೆ. ಭಾಗವತರು ಅದನ್ನು ಹಾಡುತ್ತಾರೆ. ಅರ್ಥ, ಅಂದರೆ ಮಾತು, ಪುಸ್ತಕದಲ್ಲಿ ಇಲ್ಲ. ಅದನ್ನು ವೇಷಧಾರಿ ಆ ರಾತ್ರಿ ತಾನೇ ಕಟ್ಟಬೇಕು. ಪದ್ಯ ಹಳೆಯದು, ಅರ್ಥ ಇವತ್ತಿನದು. ನಿನ್ನೆಯ ಅರ್ಥವನ್ನೇ ಇವತ್ತೂ ಒಪ್ಪಿಸಿದರೆ ಸಭೆಯವರಿಗೆ ತಕ್ಷಣ ಗೊತ್ತಾಗುತ್ತದೆ.

ಇದನ್ನು ತಲೆಯಲ್ಲಿಟ್ಟುಕೊಂಡು ಡಾಕ್ಟರ್ ಹೂ ನೋಡಿ. ಅದು ಶುರುವಾದದ್ದು 1963ರ ನವೆಂಬರ್ 23ಕ್ಕೆ, ಬಿಬಿಸಿಯಲ್ಲಿ. ಡಾಕ್ಟರ್ ಎಂಬ ಹೆಸರಿನ ಒಬ್ಬ ವಿಚಿತ್ರ ಆಸಾಮಿ ಒಂದು ನೀಲಿ ಪೊಲೀಸ್ ಪೆಟ್ಟಿಗೆಯಲ್ಲಿ ಕೂತು ಹಿಂದಿನ ಕಾಲಕ್ಕೆ, ಮುಂದಿನ ಕಾಲಕ್ಕೆ ಹೋಗುತ್ತಾನೆ. ಹೊರಗಿನಿಂದ ನಮ್ಮ ಹಳೆಯ ಎಸ್‌ಟಿಡಿ ಬೂತಿನಷ್ಟೇ ದೊಡ್ಡದು, ಒಳಗೆ ದೊಡ್ಡ ಹಾಲ್. ಮೊದಲ ಕಥೆಯ ನಿರ್ದೇಶಕ ಯಾರು ಗೊತ್ತಾ? ವಾರಿಸ್ ಹುಸೇನ್. ಲಕ್ನೋದಲ್ಲಿ ಹುಟ್ಟಿದವರು. ಆಗ ಅವರಿಗೆ 24 ವರ್ಷ. ಇದನ್ನು ಕೇಳಿದ ಮೇಲೆ ಆ ಧಾರಾವಾಹಿ ನನಗೆ ಅಷ್ಟು ದೂರದ್ದು ಅನ್ನಿಸಲಿಲ್ಲ.

ಮೂರು ವರ್ಷ ಆಗುವಾಗ ಡಾಕ್ಟರ್ ಪಾತ್ರ ಮಾಡುತ್ತಿದ್ದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಿತು. ಧಾರಾವಾಹಿ ನಿಲ್ಲಿಸಬೇಕು, ಇಲ್ಲವೇ ಬೇರೆಯವರನ್ನು ಹಾಕಬೇಕು. ಅವರೊಂದು ಉಪಾಯ ಮಾಡಿದರು. ಈ ಡಾಕ್ಟರ್ ಮನುಷ್ಯನೇ ಅಲ್ಲವಲ್ಲ, ದೇಹ ಸೋತಾಗ ಅವನ ಮೈ ಬದಲಾಗುತ್ತದೆ ಎಂದರು. 1966ರ ಅಕ್ಟೋಬರ್‌ನಲ್ಲಿ ಹಾರ್ಟ್‌ನೆಲ್ ಆ ಪೆಟ್ಟಿಗೆಯೊಳಗೆ ನೆಲಕ್ಕೆ ಬಿದ್ದರು. ನೋಡುತ್ತಿದ್ದ ಹಾಗೆ ಆ ಮುಖ ಪ್ಯಾಟ್ರಿಕ್ ಟ್ರೌಟನ್ ಎಂಬ ಬೇರೆ ನಟನದಾಯಿತು. ನಾನು ಮಗಳಿಗೆ ಹೇಳಿದೆ, "ಇದು ಬಣ್ಣ ಹಚ್ಚುವ ಚೌಕಿಯಲ್ಲಿ ದಿನಾ ಆಗುವುದು. ಇವರಿಗೆ ಇದಕ್ಕೆ ಮೂರು ವರ್ಷ ಬೇಕಾಯಿತಾ?" ವೇಷ ಬೇರೆ, ವೇಷಧಾರಿ ಬೇರೆ. ಅವರು ಕಷ್ಟಕಾಲದಲ್ಲಿ ಕಂಡುಕೊಂಡದ್ದು ಇಷ್ಟೇ. ಇಷ್ಟರ ಮೇಲೆಯೇ ಆ ಧಾರಾವಾಹಿ ಇವತ್ತಿನವರೆಗೆ ನಿಂತಿದೆ.

ಆದರೆ 1989ರ ಡಿಸೆಂಬರ್‌ನಲ್ಲಿ ಅದರ ಪ್ರಸಾರ ಒಮ್ಮೆ ನಿಂತುಹೋಗಿತ್ತು. ಮಧ್ಯೆ 1996ರಲ್ಲಿ ಒಂದು ಟೀವಿ ಸಿನಿಮಾ ಬಂತು, ಮುಂದುವರಿಯಲಿಲ್ಲ. 2005ರ ಮಾರ್ಚ್ 26ಕ್ಕೆ ಮತ್ತೆ ಗೆಜ್ಜೆ ಕಟ್ಟಿದರು. ಬರೆದು ನಡೆಸಿದವರು ರಸ್ಸೆಲ್ ಟಿ. ಡೇವಿಸ್, ಚಿಕ್ಕಂದಿನಲ್ಲಿ ಅದನ್ನು ನೋಡಿಯೇ ಬೆಳೆದವರು. ಅವರು ಪದ್ಯ ಮುಟ್ಟಲಿಲ್ಲ. ನೀಲಿ ಪೆಟ್ಟಿಗೆ ಅದೇ. ರಾಗ ಅದೇ. ವೈರಿಗಳೂ ಅದೇ ಡಬ್ಬದಂಥ ಡಾಲೆಕ್‌ಗಳು. ಅರ್ಥ ಮಾತ್ರ ಹೊಸದು. ನಾವು ನೋಡದೆ ಇದ್ದ ಆ ವರ್ಷಗಳಲ್ಲಿ ಒಂದು ದೊಡ್ಡ ಯುದ್ಧ ಆಗಿದೆ, ಡಾಕ್ಟರನ ಕುಲದವರೆಲ್ಲ ಹೋಗಿದ್ದಾರೆ, ಇವನೊಬ್ಬ ಉಳಿದಿದ್ದಾನೆ. ಧಾರಾವಾಹಿ ಇಲ್ಲದೆ ಇದ್ದ ಹದಿನಾರು ವರ್ಷ ಕಥೆಗೆ ಸೇರಿಹೋಯಿತು. ಹಳೆಯದನ್ನು ನೋಡದ ಮಕ್ಕಳಿಗೂ ಅರ್ಥ ಆಯಿತು, ನೋಡಿದ ಅಪ್ಪಂದಿರಿಗೆ ಬೇರೆಯೇ ಅರ್ಥ ಆಯಿತು.

ಇಲ್ಲೊಂದು ನನ್ನ ಕಸುಬಿನ ಮಾತು ಹೇಳದಿದ್ದರೆ ಆಗುವುದಿಲ್ಲ. ಅರವತ್ತರ ದಶಕದ ಡಾಕ್ಟರ್ ಹೂ ಕಂತುಗಳಲ್ಲಿ ನೂರರ ಹತ್ತಿರ ಕಂತುಗಳ ಚಿತ್ರ ಕಳೆದುಹೋಗಿದೆ. ಯಾರೂ ಕದ್ದದ್ದಲ್ಲ. ಆಗ ವೀಡಿಯೋ ಟೇಪಿಗೆ ಬಹಳ ದುಡ್ಡು. ಒಮ್ಮೆ ಪ್ರಸಾರ ಆದದ್ದನ್ನು ಅಳಿಸಿ ಅದೇ ಟೇಪಿನಲ್ಲಿ ಇನ್ನೊಂದು ರೆಕಾರ್ಡ್ ಮಾಡುತ್ತಿದ್ದರು. ಮತ್ತೆ ಯಾರಾದರೂ ಕೇಳುತ್ತಾರೆ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಆದರೆ ಕಳೆದುಹೋದ ಎಲ್ಲ ಕಂತುಗಳ ಧ್ವನಿ ಉಳಿದಿದೆ. ಹೇಗೆ? ಮನೆಯಲ್ಲಿ ಕೂತ ಹುಡುಗರು ಟೀವಿ ಎದುರು ಟೇಪ್ ರೆಕಾರ್ಡರ್ ಇಟ್ಟು ರೆಕಾರ್ಡ್ ಮಾಡಿಕೊಂಡಿದ್ದರು.

ಇದನ್ನು ಕೇಳಿ ನನಗೆ ನಗು ಬಂತು. ಟೀವಿಯಲ್ಲಿ ಸಿನಿಮಾ ಹಾಡುಗಳ ಚಿತ್ರಮಂಜರಿ ಬರುವಾಗ ನಾವೂ ಇದನ್ನೇ ಮಾಡಿದವರಲ್ವಾ? ಟೀವಿ ಎದುರು ಟೇಪ್ ರೆಕಾರ್ಡರ್ ಇಟ್ಟು, ಎಲ್ಲರೂ ಸುಮ್ಮನಿರಿ ಎಂದು ಬೈದು. ಹಾಡಿನ ಮಧ್ಯೆ ಅಜ್ಜಿ ಕೆಮ್ಮಿದ್ದು, ದನ ಕೂಗಿದ್ದು, ಯಾರೋ "ಬಾಗಿಲು ಹಾಕು ಮಾರಾಯ" ಎಂದದ್ದು ಎಲ್ಲವೂ ಕ್ಯಾಸೆಟ್ಟಿನಲ್ಲಿ. ನನ್ನ ಅಂಗಡಿಯಲ್ಲಿ ಅಂಥ ಕ್ಯಾಸೆಟ್ ಒಂದು ಡಬ್ಬ ಇತ್ತು. ಅಂಗಡಿ ಮುಚ್ಚುವಾಗ ಬಿಸಾಡಿದೆ. ಹಾಡು ಬೇಕಾದರೆ ಈಗ ಫೋನಿನಲ್ಲಿ ಸಿಗುತ್ತದೆ. ಅಜ್ಜಿಯ ಕೆಮ್ಮು ಸಿಗುವುದಿಲ್ಲ. ಬಿಸಾಡಬಾರದಿತ್ತು.

ಹೋಗಲಿ. ಟ್ವಿನ್ ಪೀಕ್ಸ್‌ಗೆ ಬರುತ್ತೇನೆ. ಇದು ಡಾಕ್ಟರ್ ಹೂಗೆ ಪೂರ್ತಿ ಉಲ್ಟಾ.

1990ರಲ್ಲಿ ಶುರುವಾಯಿತು. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಕಟ್ಟಿದ್ದು. ಮರ ಕೊಯ್ಯುವ ಒಂದು ಸಣ್ಣ ಊರು, ಸುತ್ತ ಕಾಡು, ಮಳೆ, ಮಂಜು. ನೋಡಿದರೆ ಆಗುಂಬೆಯ ಅಣ್ಣನ ಹಾಗೆ. ಲಾರಾ ಪಾಮರ್ ಎಂಬ ಹುಡುಗಿಯ ಹೆಣ ಹೊಳೆಯ ಬದಿಯಲ್ಲಿ ಸಿಗುತ್ತದೆ. ಕೊಂದದ್ದು ಯಾರು? ಇಡೀ ಅಮೆರಿಕ ಅದನ್ನೇ ಕೇಳಿತು. ಲಿಂಚ್‌ಗೆ ಉತ್ತರ ಹೇಳಲು ಮನಸ್ಸಿರಲಿಲ್ಲ. ಚಾನೆಲಿನವರು ಒತ್ತಾಯ ಮಾಡಿದರು. ಎರಡನೇ ಸೀಸನ್ನಿನಲ್ಲಿ ಹೇಳಿದರು. ಉತ್ತರ ಸಿಕ್ಕಿದ ಮೇಲೆ ಜನ ಚದುರಿದರು. 30 ಕಂತಿಗೆ, 1991ರ ಜೂನ್‌ನಲ್ಲಿ ನಿಂತಿತು. ಆ ಕೊನೆಯ ಕಂತಿನಲ್ಲಿ ಸತ್ತ ಲಾರಾ, ಕೇಸು ಹಿಡಿಯಲು ಬಂದ ಅಧಿಕಾರಿಗೆ ಒಂದು ಮಾತು ಹೇಳುತ್ತಾಳೆ. ಇಪ್ಪತ್ತೈದು ವರ್ಷದ ಮೇಲೆ ಮತ್ತೆ ಸಿಗುತ್ತೇನೆ ಎಂದು.

ಆಗ ಅದು ಬರೀ ಒಂದು ಮಾತು. ಯಾರು ನೆನಪಿಟ್ಟುಕೊಳ್ಳುತ್ತಾರೆ? ಆದರೆ 2017ರ ಮೇ 21ಕ್ಕೆ ಟ್ವಿನ್ ಪೀಕ್ಸ್ ಮತ್ತೆ ಬಂತು. ಇಪ್ಪತ್ತೈದು ಹೋಗಿ ಇಪ್ಪತ್ತಾರಾಯಿತು. ನಮ್ಮಲ್ಲಿ ಹನ್ನೆರಡೂವರೆಗೆ ಊಟ ಎಂದು ಮದುವೆ ಕಾಗದದಲ್ಲಿ ಹಾಕಿ ಎಷ್ಟು ಗಂಟೆಗೆ ಬಡಿಸುತ್ತಾರೆ ಎಂದು ನಿಮಗೆ ಗೊತ್ತುಂಟು. ಆ ಲೆಕ್ಕದಲ್ಲಿ ಇದು ಸರಿಯಾದ ಸಮಯವೇ.

18 ಕಂತು, ಎಲ್ಲವನ್ನೂ ಲಿಂಚ್ ಒಬ್ಬರೇ ನಿರ್ದೇಶನ ಮಾಡಿದರು. ಹಳೆಯ ನಟರು ಬಹಳ ಮಂದಿ ವಾಪಸು ಬಂದರು. ಅವರ ವಯಸ್ಸನ್ನು ಮುಚ್ಚಲಿಲ್ಲ. ಕೂದಲು ಹಣ್ಣಾಗಿದೆ, ಮುಖ ಜೋತಿದೆ, ನಡಿಗೆ ನಿಧಾನ. ಕ್ಯಾಮೆರಾ ಅದನ್ನು ನೋಡಿಕೊಂಡೇ ಇರುತ್ತದೆ. ಒಬ್ಬರು ಕಸ ಗುಡಿಸುವುದನ್ನು ಎರಡು ನಿಮಿಷ ಹಾಗೇ ತೋರಿಸುತ್ತಾರೆ. ಮಗಳು ಬೇಜಾರಾಗಿ ಎದ್ದು ಹೋದಳು. ನಾನು ಕೂತು ನೋಡಿದೆ. ಟ್ವಿನ್ ಪೀಕ್ಸ್ ಪೂರ್ತಿ ಅರ್ಥ ಆಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಅರ್ಧ ಕೂಡ ಆಗಲಿಲ್ಲ.

ಆದರೆ ಒಂದು ವಿಷಯ ಮನಸ್ಸಿಗೆ ನಾಟಿತು. ಅದರಲ್ಲಿ ಮರದ ತುಂಡೊಂದನ್ನು ಮಗುವಿನ ಹಾಗೆ ಎತ್ತಿಕೊಂಡು ತಿರುಗುವ ಒಬ್ಬ ಹೆಂಗಸು ಇದ್ದಾಳೆ. ಆ ಪಾತ್ರ ಮಾಡಿದವರು ಕ್ಯಾಥರಿನ್ ಕೌಲ್ಸನ್. ಈ ಹೊಸ ಕಂತುಗಳ ಚಿತ್ರೀಕರಣದ ಹೊತ್ತಿಗೆ ಅವರಿಗೆ ಕ್ಯಾನ್ಸರ್. ತಮ್ಮ ಭಾಗ ಮುಗಿಸಿದರು. ಕೆಲವೇ ದಿನದಲ್ಲಿ, 2015ರ ಸೆಪ್ಟೆಂಬರ್‌ನಲ್ಲಿ, ತೀರಿಕೊಂಡರು. ಪ್ರಸಾರ ಆಗುವಾಗ ಅವರು ಇಲ್ಲ. ಕಥೆಯಲ್ಲಿಯೂ ಆ ಹೆಂಗಸು ಸಾಯುತ್ತಿದ್ದಾಳೆ. ಪೊಲೀಸಿನವನಿಗೆ ಫೋನ್ ಮಾಡಿ, ನಾನು ಸಾಯುತ್ತಿದ್ದೇನೆ ಎನ್ನುತ್ತಾಳೆ. ತಲೆಯಲ್ಲಿ ಕೂದಲು ಹೆಚ್ಚಿಲ್ಲ. ಮೂಗಿಗೆ ನಳಿಗೆ. ಅದು ವೇಷವೋ, ವೇಷಧಾರಿಯೋ? ನನಗೆ ಗೊತ್ತಾಗಲಿಲ್ಲ. ಅವಳ ಮಾತು ಮುಗಿದ ಮೇಲೆ ಟೀವಿ ಆಫ್ ಮಾಡಿ ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತುಕೊಂಡೆ.

ಬರಲಾಗದೆ ಹೋದವರೂ ಇದ್ದರು. ಡೇವಿಡ್ ಬೋವಿ ಎಂಬ ದೊಡ್ಡ ಹಾಡುಗಾರ ಹಿಂದೆ ಟ್ವಿನ್ ಪೀಕ್ಸಿನ ಸಿನಿಮಾದಲ್ಲಿ ಒಂದು ಸಣ್ಣ ಪಾತ್ರ ಮಾಡಿದ್ದರು. 2016ರಲ್ಲಿ ತೀರಿಕೊಂಡರು. ಲಿಂಚ್ ಆ ಪಾತ್ರಕ್ಕೆ ಬೇರೆ ನಟನ ಮುಖ ತೋರಿಸಲಿಲ್ಲ. ಆ ಪಾತ್ರವನ್ನು ಒಂದು ದೊಡ್ಡ ಕೆಟಲಿನ ಆಕಾರದ ಯಂತ್ರ ಮಾಡಿಬಿಟ್ಟರು! ಅದರ ಮೂತಿಯಿಂದ ಹೊಗೆ ಬರುತ್ತದೆ, ಮಾತು ಬರುತ್ತದೆ. ಇದನ್ನು ನಮ್ಮ ಮೇಳದಲ್ಲಿ ಮಾಡಿದರೆ ಹಾಸ್ಯಗಾರರು ಆ ರಾತ್ರಿ ಅದನ್ನೇ ಹಿಡಿದುಕೊಂಡು ಬೆಳಗು ಮಾಡುತ್ತಾರೆ. ಆದರೆ ಯೋಚಿಸಿದರೆ ಅವರ ಲೆಕ್ಕ ಗೊತ್ತಾಗುತ್ತದೆ. ಅಲ್ಲಿ ಉಳಿಸಿಕೊಂಡದ್ದು ವೇಷಧಾರಿಯನ್ನು. ಅವನು ಇಲ್ಲದಿದ್ದರೆ ಆ ಜಾಗ ಖಾಲಿ ಎಂದು ಕಾಣಬೇಕು. ಇನ್ನೊಬ್ಬನನ್ನು ತಂದು ತುಂಬಿಸಬಾರದು.

ಹಾಗಾದರೆ ಎರಡು ದಾರಿ. ವೇಷವನ್ನು ಹಿಡಿದುಕೊಂಡರೆ ಮನುಷ್ಯರನ್ನು ಬಿಡಬೇಕು. ಮನುಷ್ಯರನ್ನು ಹಿಡಿದುಕೊಂಡರೆ ಅವರ ನರೆ, ಕಾಯಿಲೆ, ಸಾವು ಎಲ್ಲವನ್ನೂ ಕಥೆಯೊಳಗೆ ಬಿಟ್ಟುಕೊಳ್ಳಬೇಕು. ಎರಡೂ ಹಿಡಿಯುತ್ತೇನೆ, ಏನೂ ಬದಲಾಗಿಲ್ಲ ಎಂದು ತೋರಿಸುತ್ತೇನೆ ಎಂದು ಹೊರಟವರು ಎಡವುತ್ತಾರೆ. ನಲವತ್ತೈದರ ನಟನಿಗೆ ಬಣ್ಣ ಹಚ್ಚಿ ಇಪ್ಪತ್ತರವನು ಎನ್ನುವುದು. ಬಣ್ಣದ ವೇಷಕ್ಕೆ ಅದು ನಡೆಯುತ್ತದೆ. ಟೀವಿಯಲ್ಲಿ ನಡೆಯುವುದಿಲ್ಲ. ಟೀವಿ ಮುಖಕ್ಕೆ ಬಹಳ ಹತ್ತಿರ ಹೋಗುವ ಯಂತ್ರ.

ಈಗ ಮಾಯಾಮೃಗ. 1998ರದ್ದು. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ಮಾಡಿದ್ದು. ಚಂದನದಲ್ಲಿ ಬರುತ್ತಿತ್ತು. ಮಾಳವಿಕಾ, ಎಂ.ಡಿ. ಪಲ್ಲವಿ ಎಲ್ಲ ನಮ್ಮ ಮನೆಯ ಮಕ್ಕಳೇ ಆಗಿಬಿಟ್ಟಿದ್ದರು. ಬೆಂಗಳೂರಿನವರಿಗೆ ಅದು ಬಟನ್ ಒತ್ತಿದರೆ ಸಿಗುತ್ತಿತ್ತು. ನಮಗೆ ಅಷ್ಟು ಸುಲಭ ಇರಲಿಲ್ಲ. ಆಗ ಕೇಬಲ್ ಬಂದಿತ್ತು, ಆದರೆ ಜಾಗ ಕಡಿಮೆ. ಮಲಯಾಳದ ಚಾನೆಲ್ ಹಾಕಿ, ಹಿಂದಿಯದು ಹಾಕಿ, ಉಳಿದರೆ ಕನ್ನಡ. ನಮ್ಮ ಕಡೆ ಕೇಬಲ್ ನಡೆಸುತ್ತಿದ್ದವನ ಹತ್ತಿರ ಎಂಟು ಹತ್ತು ಮನೆಯ ಹೆಂಗಸರು ಒಟ್ಟಾಗಿ ಹೋದರು. ನನ್ನ ಹೆಂಡತಿಯೂ ಇದ್ದಳು. ಚಂದನ ಹಾಕದಿದ್ದರೆ ಈ ತಿಂಗಳ ದುಡ್ಡಿಲ್ಲ ಎಂದರು. ಅವನು ನನ್ನ ಹತ್ತಿರ ಬಂದು "ಎಂತ ಮಾರಾಯ್ರೆ ಇದು, ಒಂದು ಸೀರಿಯಲ್ಲಿಗೆ" ಎಂದ. ಒಂದು ಸೀರಿಯಲ್ಲಿಗೇ. ಮರುದಿನ ಚಂದನ ಬಂತು. ಗೋಕಾಕ್ ಚಳವಳಿ ಎಂದು ಕೇಳಿದ್ದೀರಿ. ನಮ್ಮ ಬೀದಿಯದು ಮಾಯಾಮೃಗ ಚಳವಳಿ.

2022ರಲ್ಲಿ ಅದೇ ಸೀತಾರಾಂ ಅವರ ತಂಡ "ಮತ್ತೆ ಮಾಯಾಮೃಗ" ತಂದಿತು. ಸಿರಿ ಕನ್ನಡ ಚಾನೆಲಿನಲ್ಲಿ. ಹಳೆಯವರಿಗೆ ವಯಸ್ಸಾಗಿದೆ, ಅವರ ಮುಂದಿನವರ ಕಥೆ ಶುರುವಾಗಿದೆ. ಟ್ವಿನ್ ಪೀಕ್ಸ್ ಹಿಡಿದ ದಾರಿಯೇ. ನೋಡಿ, ನಾವು ದೊಡ್ಡ ಅಮೆರಿಕದ ಹೆಸರು ಹೇಳಿ ಆಹಾ ಎನ್ನುತ್ತೇವೆ. ನಮ್ಮವರು ಸಣ್ಣ ಬಜೆಟ್ಟಿನಲ್ಲಿ, ದಿನಕ್ಕೊಂದು ಕಂತಿನ ಗಡಿಬಿಡಿಯಲ್ಲಿ ಅದನ್ನೇ ಮಾಡಲು ಹೊರಟರು. ಅದಕ್ಕೆ ನಾವು ಎಷ್ಟು ಮಾತಾಡಿದೆವು?

ನಾನು ಮತ್ತು ಹೆಂಡತಿ ಮೊದಲ ಕೆಲವು ವಾರ ಫೋನಿನಲ್ಲಿ ನೋಡಿದೆವು. ಹಳೆಯ ಮುಖ ಒಂದೊಂದು ಕಂಡಾಗಲೂ ಅವಳು "ಅಯ್ಯೋ, ಎಷ್ಟು ಮುದಿಯಾಗಿದ್ದಾರೆ" ಎನ್ನುತ್ತಿದ್ದಳು. ಒಂದು ದಿನ ನಾನು ಹೇಳಿದೆ, "ಅವರೂ ನಮ್ಮನ್ನು ನೋಡುವ ಹಾಗಿದ್ದರೆ ಅದನ್ನೇ ಹೇಳುತ್ತಿದ್ದರು." ಅವಳು ಫೋನ್ ಕೆಳಗಿಟ್ಟು ನನ್ನ ಮುಖ ನೋಡಿದಳು. ಆವತ್ತಿನ ಕಂತು ಹಾಗೇ ತಪ್ಪಿತು.

ಕಥೆಯ ಬಗ್ಗೆ ನನಗೆ ತಕರಾರು ಇಲ್ಲವೆಂದಲ್ಲ. ಹೊಸ ಮಕ್ಕಳ ಕಥೆಗಿಂತ ಹಳೆಯವರು ಎರಡು ಮಾತಾಡಿದರೆ ಸಾಕು ಅನ್ನಿಸುತ್ತಿತ್ತು. ಅದು ಧಾರಾವಾಹಿಯ ತಪ್ಪೋ ನನ್ನ ವಯಸ್ಸಿನ ತಪ್ಪೋ, ನನ್ನ ಮಗಳನ್ನು ಕೇಳಬೇಕು. ಅವಳಿಗೆ ಹೊಸ ಮಕ್ಕಳೇ ಇಷ್ಟ.

ಇನ್ನು ಬರೀ ಮರುಪ್ರಸಾರ ಎಂದು ಒಂದುಂಟು. 2020ರ ಲಾಕ್‌ಡೌನಿನಲ್ಲಿ ದೂರದರ್ಶನ ರಮಾನಂದ ಸಾಗರರ ರಾಮಾಯಣ ಹಾಕಿತು, ದೇಶವೇ ನೋಡಿತು. ಅದೇ ವರ್ಷ ಮಾಲ್ಗುಡಿ ಡೇಸ್ ಕನ್ನಡಕ್ಕೆ ಡಬ್ ಆಗಿ ಖಾಸಗಿ ಚಾನೆಲಿನಲ್ಲಿ ಬಂತು. ಮೂವತ್ತು ಚಿಲ್ಲರೆ ವರ್ಷದ ಮೇಲೆ ಸ್ವಾಮಿ ಕನ್ನಡ ಮಾತಾಡಿದ! ಎಲ್ಲರೂ ಮನೆಯೊಳಗೆ ಬಂದಿ. ತಲಪಾಡಿಯಲ್ಲಿ ಗಡಿ ಮುಚ್ಚಿ ಮಂಗಳೂರಿಗೆ ಹೋಗುವ ಹಾಗಿಲ್ಲ. ಆ ದಿನಗಳಲ್ಲಿ ನಮಗೆ ಮಂಗಳೂರಿಗಿಂತ ಮಾಲ್ಗುಡಿ ಹತ್ತಿರ ಇತ್ತು. ಹೊಸ ಕಂತಿಗೆ ವಾಪಸು ಬಾರದ ಜಗಲಿ ಹಳೆಯ ಕಂತಿಗೆ ಸ್ವಲ್ಪ ದಿನ ವಾಪಸು ಬಂದದ್ದು ಹೀಗೆ. ಅದೇ ಹೊತ್ತಿಗೆ ಅರಸಾಳಿನ ಹಳೆಯ ಸ್ಟೇಷನ್ ಕಟ್ಟಡವನ್ನು ರೈಲ್ವೆಯವರು ಸರಿಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಅದಕ್ಕೂ ಜಾನ್ ದೇವರಾಜ್ ಅವರೇ ಕೈ ಹಾಕಿದರು. ಅಲ್ಲಿಗೆ ನಾನು ಇನ್ನೂ ಹೋಗಿಲ್ಲ. ಈ ಮಳೆ ಬಿಟ್ಟ ಮೇಲೆ ಹೋಗಬೇಕು.

ಟ್ವಿನ್ ಪೀಕ್ಸಿನವರೂ ಹಾಗೇ ಮಾಡಿದ್ದರಂತೆ. ಧಾರಾವಾಹಿಯಲ್ಲಿ ಒಂದು ಹೋಟೆಲ್ ಬರುತ್ತದೆ, ಕಾಫಿಗೂ ಚೆರಿ ಹಣ್ಣಿನ ತಿಂಡಿಗೂ ಹೆಸರುವಾಸಿ. ನಿಜವಾದ ಹೋಟೆಲೇ ಅದು. 2000ದಲ್ಲಿ ಬೆಂಕಿ ಬಿದ್ದು ಒಳಗೆಲ್ಲ ಹಾಳಾಯಿತು. ಯಜಮಾನರು ಬೇರೆ ರೀತಿ ಕಟ್ಟಿಕೊಂಡರು. ಹೊಸ ಕಂತುಗಳಿಗಾಗಿ ಚಿತ್ರತಂಡ ಹೋಗಿ ಹಳೆಯ ಹಾಗೆಯೇ ಮಾಡಿಸಿತು. ಕೌಂಟರು, ಕುರ್ಚಿ ಎಲ್ಲ. ಜನ ಈಗ ಅಲ್ಲಿಗೆ ಹೋಗಿ ಕಾಫಿ ಕುಡಿದು ಬರುತ್ತಾರೆ. ನಮ್ಮ ಆ ಕೆಲ್ಟ್ರಾನ್ ಟೀವಿಯ ಮನೆ ಈಗ ಇಲ್ಲ. ಹೈವೇ ಅಗಲ ಮಾಡುವಾಗ ಜಗಲಿಯ ಜೊತೆಗೇ ಹೋಯಿತು.

ಇಷ್ಟು ಸಾಕು. ಯಾರಿಗಾದರೂ ಏನಾದರೂ ಕೇಳುವುದಿದ್ದರೆ ಕೇಳಿ. ಹೊಸ ಟೀವಿ ಯಾವುದು ಎಂದೂ ಕೇಳಬಹುದು.

(ಇದರ ಮೇಲೆ ಮೂರು ನಾಲ್ಕು ಮಂದಿ ಕೇಳಿದರು. ಇಬ್ಬರು ಹೊಸ ಟೀವಿಯ ಬಗ್ಗೆಯೇ ಕೇಳಿದರು. ಕೊನೆಗೆ ಕಿಟಕಿ ಬದಿಯಲ್ಲಿ ಕೂತಿದ್ದ, ಎಪ್ಪತ್ತು ದಾಟಿದ ಒಬ್ಬರು ಅಕ್ಕ ಎದ್ದು ನಿಂತರು. ಅವರು ಕೇಳಿದ್ದನ್ನು ಹಾಗೇ ಬರೆಯುತ್ತೇನೆ.)

"ಅಲ್ಲ ಮಾರಾಯ, ನನಗೊಂದು ಗೊತ್ತಾಗಬೇಕಿತ್ತು. ಆ ಸ್ವಾಮಿ ಹುಡುಗನ ಸ್ನೇಹಿತ ಊರು ಬಿಟ್ಟು ಹೋಗ್ತಾನಲ್ಲ. ರಾಜಂ. ಸ್ವಾಮಿ ಅವನಿಗೆ ಕೊಡಲಿಕ್ಕೆ ಒಂದು ಪುಸ್ತಕ ಹಿಡಿದುಕೊಂಡು ಸ್ಟೇಷನ್ನಿಗೆ ಓಡಿದ. ಅಷ್ಟು ಹೊತ್ತಿಗೆ ಲೋಡ್ ಶೆಡ್ಡಿಂಗ್ ಆಯ್ತು. ಕರೆಂಟು ಬರುವಾಗ ನ್ಯೂಸು. ಆಮೇಲೆ ಎಷ್ಟು ಸಲ ಅದು ಬಂದರೂ ನಾನು ತೋಟದಲ್ಲಿಯೋ ಹಟ್ಟಿಯಲ್ಲಿಯೋ ಇರುವುದು. ಪುಸ್ತಕ ಕೊಟ್ಟನಾ?"

"ಕೊಟ್ಟ ಅಕ್ಕ. ರೈಲು ಹೊರಟಿತ್ತು. ಇವನಿಗೆ ಆಗಲಿಲ್ಲ, ಮಣಿ ಓಡಿ ಕೊಟ್ಟ."

"ಅವನು ತೆಗೆದುಕೊಂಡನಾ?"

"ಕೈ ಚಾಚಿ ತೆಗೆದುಕೊಂಡ. ಕೈ ಬೀಸಿದ."

"ಏನಾದರೂ ಹೇಳಿದನಾ?"

ನಾನು ನಾರಾಯಣರ ಪುಸ್ತಕದಲ್ಲಿ ಇದ್ದದ್ದನ್ನು ನೆನಪು ಮಾಡಿಕೊಂಡೆ. "ರೈಲು ಹೊರಡುವ ಮೊದಲು ಏನೋ ಹೇಳಲಿಕ್ಕೆ ಬಾಯಿ ತೆರೆದ ಹಾಗೆ ಇತ್ತಂತೆ. ಅಷ್ಟರಲ್ಲಿ ಗಾರ್ಡು ಸೀಟಿ ಊದಿದ, ಎಂಜಿನ್ ಕೂಗಿತು. ಕೇಳಲಿಲ್ಲ."

"ಹಾಗಾದರೆ ನನಗೆ ಜಾಸ್ತಿ ಏನೂ ತಪ್ಪಲಿಲ್ಲ" ಎಂದು ಅವರು ಕೂತರು. ಹೊರಗೆ ಮಳೆ ಬಿಟ್ಟಿರಲಿಲ್ಲ. ಯಾರೋ ಚಹಾ ತಂದರು.